ಅಪ್ಪನ ದಿನಕಾರ್ಯ ಮುಗಿದು ಮೂರು ತಿಂಗಳಾದರೂ ದುಃಖ ಇಳಿಯುತ್ತಿಲ್ಲ, ಹೊಳೆ, ಹೊಲ ಅಂತ ಹೋದರೆ ಏನಾದ್ರೂ ಆಗುತ್ತಾ?

ಆಗುತ್ತದೆ, ಆದರೆ ಒಂದೇ ದಿನಕ್ಕಲ್ಲ. ನಮ್ಮ ಕೊಪ್ಪಳದ ಕಡೆ ಮಾಡುವ ಕಾರ್ಯಗಳನ್ನೇ ನೋಡಿ. ಲಿಂಗಾಯತರು ದೇಹವನ್ನು ಕೂತ ಭಂಗಿಯಲ್ಲಿ ಕೂಡಿಸಿ, ವಿಭೂತಿ, ಬಿಲ್ವಪತ್ರೆ ಇಟ್ಟು ಮಣ್ಣು ಕೊಡುತ್ತಾರೆ, ಸುಡುವವರು ಬೂದಿಯನ್ನು ತುಂಗಭದ್ರೆಗೆ ಬಿಡುತ್ತಾರೆ, ಎಡೆ ಇಟ್ಟರೆ ಕಾಗೆ ಮುಟ್ಟುವವರೆಗೂ ಮನೆಮಂದಿಯೆಲ್ಲ ಬಿಸಿಲಲ್ಲೇ ಕಾಯುತ್ತಾರೆ. ಮಣ್ಣು, ನೀರು, ಹಕ್ಕಿ ಇಲ್ಲದೆ ಯಾವುದೂ ಮುಗಿಯುವುದಿಲ್ಲ, ಅಲ್ವಾ?

ತೊಂದರೆ ಏನಂದ್ರೆ, ಆ ದಿನಗಳಲ್ಲಿ ಮಕ್ಕಳಿಗೆ ಅಳೋಕೂ ಪುರುಸೊತ್ತು ಇರುವುದಿಲ್ಲ. ಶಾಮಿಯಾನ, ಅಡುಗೆ, ಬಂದವರ ಲೆಕ್ಕ. ಅವ್ವ ಹೋದಾಗ ನಾನು ಸರಿಯಾಗಿ ಅತ್ತಿದ್ದು ಎಷ್ಟೋ ದಿನದ ಮೇಲೆ, ಆನೆಗೊಂದಿ ಹತ್ತಿರ ಹೊಳೆ ದಂಡೆಯ ಬಂಡೆ ಮೇಲೆ ಒಬ್ಬನೇ ಕೂತಾಗ. ಈಗಲೂ ಅಮಾವಾಸ್ಯೆಗೆ ಹೋಗಿ ಸುಮ್ನೆ ಕೂರುತ್ತೇನೆ. ಮಂತ್ರ ಗಿಂತ್ರ ಏನಿಲ್ಲ. (ಡ್ಯಾಂನಿಂದ ನೀರು ಬಿಟ್ಟಾಗ ಮಾತ್ರ ಇಳಿಯಬೇಡಿ.)

ಅಪ್ಪನ ಹೊಲ ಇದ್ದರೆ ಬದುವಿನಲ್ಲಿ ಒಂದು ಬೇವಿನ ಸಸಿ ಹಚ್ಚಿ, ನೀರು ಹಾಕುವ ನೆಪದಲ್ಲಾದರೂ ಅಲ್ಲಿಗೆ ಹೋಗುತ್ತೀರಿ. ಊಟ, ನಿದ್ದೆ ಪೂರ್ತಿ ಕೆಟ್ಟಿದ್ದರೆ ಹೊಳೆಯೊಂದೇ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.