ಪಿಎಲ್‌ಸಿ ಕೆಲಸವೆಂದರೆ ದಿನವೆಲ್ಲ ಪ್ರೋಗ್ರಾಮ್ ಬರೆಯುವುದೇ?

ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿರುವ ನೀವು, ಪಿಎಲ್‌ಸಿ, ಅಂದರೆ ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್, ಅದರ ಕೆಲಸದಲ್ಲಿ ದಿನವೆಲ್ಲ ಪ್ರೋಗ್ರಾಮ್ ಬರೆಯುತ್ತಾರೆಯೇ, ಅದಕ್ಕೆ ಬಳಸುವ ಲ್ಯಾಡರ್ ಎಂಬ ಚಿತ್ರರೂಪದ ಭಾಷೆ ಹಳತಾಗಲಿಲ್ಲವೇ ಎಂದು ಕೇಳಿದ್ದೀರಿ. ಪೀಣ್ಯದಲ್ಲಿ ಯಂತ್ರ ಕಟ್ಟುವ ಚಿಕ್ಕ ಶೆಡ್ಡಿನಲ್ಲಿ ಆರಂಭಿಸಿದ ನಾನು ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಬರೆಯುವುದು ಕಡಿಮೆ, ಹುಡುಕುವುದು ಹೆಚ್ಚು.

ಬೇರಿಂಗ್ ಕೂರಿಸುವ ಪ್ರೆಸ್ ಒಂದಿತ್ತು. ಬೆಳಿಗ್ಗೆ ಸರಿಯಾಗಿ ನಡೆದು, ಮಧ್ಯಾಹ್ನದ ಹೊತ್ತಿಗೆ ಬಿಡಿಭಾಗ ಇಡದಿದ್ದರೂ ಕೆಳಗಿಳಿಯುತ್ತಿತ್ತು. ಪಿಎಲ್‌ಸಿ ಕೆಲವೇ ಮಿಲಿಸೆಕೆಂಡಿಗೊಮ್ಮೆ ಇನ್‌ಪುಟ್ ಓದಿ, ಪ್ರೋಗ್ರಾಮ್ ಓಡಿಸಿ, ಔಟ್‌ಪುಟ್ ಬದಲಿಸುತ್ತದೆ. ಆ ಸುತ್ತಿನಲ್ಲೇ ಎಲ್ಲೋ ಎಡವಟ್ಟಾಗಿದೆಯೆಂದು ಲ್ಯಾಪ್‌ಟಾಪ್ ಮುಂದೆ ಎರಡು ದಿನ ಕುಳಿತೆ. ಕೊನೆಗೆ ಆಪರೇಟರ್ ಹೇಳಿದರು: "ಸಾರ್, ಗಾಳಿ ಹೊಡೆದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆ." ಲೋಹದ ಭಾಗ ಹತ್ತಿರ ಬಂದರೆ ಮುಟ್ಟದೆಯೇ ಗುರುತಿಸುವ ಪ್ರಾಕ್ಸಿಮಿಟಿ ಸೆನ್ಸರಿನ ಮುಖಕ್ಕೆ ಕಬ್ಬಿಣದ ಚೂರು ಮೆತ್ತಿಕೊಂಡು, ಇಲ್ಲದ ಭಾಗವನ್ನು ಇದೆಯೆಂದು ಹೇಳುತ್ತಿತ್ತು. ತೊಂದರೆ ಬಂದಾಗಲೆಲ್ಲ, ಭಾಗವಿಲ್ಲದಿದ್ದರೂ, ಸೆನ್ಸರಿನ ಹಿಂದಿನ ಪುಟ್ಟ ದೀಪ ಉರಿಯುತ್ತಲೇ ಇತ್ತು. ನಾನು ಬಗ್ಗಿ ನೋಡಿರಲಿಲ್ಲ.

ಸೆನ್ಸರನ್ನು ಒರೆಸಿದರೆ ಅಂದಿನ ತೊಂದರೆ ಮುಗಿಯುತ್ತದೆ, ಅಷ್ಟೇ. ಆದ್ದರಿಂದ ಪ್ರೋಗ್ರಾಮಿನಲ್ಲಿ ಒಂದು ನಿಯಮ ಸೇರಿಸಿದೆ: ಒಂದು ಭಾಗ ತೆಗೆದು ಇನ್ನೊಂದು ಇಡುವ ನಡುವೆ ಸೆನ್ಸರ್ ಒಮ್ಮೆಯಾದರೂ ಆರಬೇಕು, ಆರದಿದ್ದರೆ ಯಂತ್ರ ನಿಂತು, ಯಾವ ಸೆನ್ಸರ್ ಎಂದು ಪರದೆಯ ಮೇಲೆ ತೋರಿಸಬೇಕು. ಗಾಳಿಯ ಒತ್ತಡದಿಂದ ಚಲಿಸುವ ಸಿಲಿಂಡರಿಗೆ ಮುಂದೆ ಹೋಗು, ಹಿಂದೆ ಬಾ ಎನ್ನುವ ಭಾಗ ಅರ್ಧ ದಿನದ ಬರವಣಿಗೆ. ಉಳಿದದ್ದೆಲ್ಲ ಇಂಥವೇ.

ಲ್ಯಾಡರ್ ಹಳತು ಹೌದು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ಗೆ ಯಂತ್ರ ನಡೆಸುತ್ತಿದ್ದ ರಿಲೇ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್) ಪ್ಯಾನೆಲ್‌ಗಳ ತಂತಿ ಬಿಚ್ಚಿ ಕಟ್ಟುವ ಗೋಳು ಸಾಕಾಗಿತ್ತು. ಆಗ ಬಂದ ಪಿಎಲ್‌ಸಿಗೆ ರಿಲೇ ನಕ್ಷೆಯಂತೆಯೇ ಕಾಣುವ ಭಾಷೆ ಕೊಟ್ಟರು, ಎಲೆಕ್ಟ್ರಿಷಿಯನ್‌ಗಳಿಗೆ ಅರ್ಥವಾಗಲೆಂದು. ಇಂದಿಗೂ ಅದು ಉಳಿದಿರುವುದು ಅದಕ್ಕೇ: ರಾತ್ರಿ ಎರಡು ಗಂಟೆಗೆ ಲೈನ್ ನಿಂತರೆ, ಪಾಳಿಯ ಎಲೆಕ್ಟ್ರಿಷಿಯನ್ ನನ್ನನ್ನು ಎಬ್ಬಿಸದೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಬಲ್ಲರು. ಲೆಕ್ಕಾಚಾರವಿದ್ದರೆ ನಾನೂ ಸ್ಟ್ರಕ್ಚರ್ಡ್ ಟೆಕ್ಸ್ಟ್ ಎಂಬ, ಸಾಲುಸಾಲಾಗಿ ಬರೆಯುವ ಇನ್ನೊಂದು ಪಿಎಲ್‌ಸಿ ಭಾಷೆ ಬಳಸುತ್ತೇನೆ.

ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು ಪಿಎಲ್‌ಸಿ ಪ್ರೋಗ್ರಾಮ್ ಬರೆಯುವ ಕೋಡೆಸಿಸ್ ಎಂಬ ತಂತ್ರಾಂಶ ಇಳಿಸಿಕೊಳ್ಳಿ. ಉಚಿತ, ಯಂತ್ರವಿಲ್ಲದೆಯೂ ಸಿಮ್ಯುಲೇಷನ್ ನಡೆಯುತ್ತದೆ. ಟ್ರಾಫಿಕ್ ದೀಪದ ಪ್ರೋಗ್ರಾಮನ್ನು ಎಲ್ಲರೂ ಬರೆಯುತ್ತಾರೆ, ಸಂದರ್ಶನದಲ್ಲಿ ಕೇಳಿ ಕೇಳಿ ನನಗೆ ಬೇಸರವಾಗಿದೆ. ನೀವು ಭಾಗ ಹಿಡಿಯಲು ಒಂದು ಸಿಲಿಂಡರ್, ತೂತು ಕೊರೆಯಲು ಇನ್ನೊಂದು ಎಂದಿಟ್ಟುಕೊಂಡು ಬರೆಯಿರಿ. ಆಮೇಲೆ ಅದನ್ನು ನೀವೇ ಕೆಡಿಸಿ: ಕೊರೆಯುವಾಗ ಕರೆಂಟ್ ಹೋಗಲಿ, ಗಾಳಿಯ ಒತ್ತಡ ಇಳಿಯಲಿ, ಯಾರೋ ಬಾಗಿಲು ತೆರೆಯಲಿ. ಕರೆಂಟ್ ಬಂದ ಕೂಡಲೇ ಸಿಲಿಂಡರ್ ತಾನಾಗಿ ಚಲಿಸಿದರೆ, ಅಲ್ಲಿ ಒಬ್ಬರ ಕೈ ಇತ್ತೆಂದು ತಿಳಿಯಿರಿ. ಜೊತೆಗೆ ವೈರಿಂಗ್ ನಕ್ಷೆ ಓದಲು, ಮಲ್ಟಿಮೀಟರ್ ಹಿಡಿದು 24 ವೋಲ್ಟ್ ಎಲ್ಲಿ ತಪ್ಪಿಹೋಗಿದೆ ಎಂದು ಹುಡುಕಲು ಕಲಿಯಿರಿ.

ರಜೆಯ ವಿಷಯ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಲೈನ್ ನಿಂತಾಗಲೇ ನಮಗೆ ಯಂತ್ರ ಸಿಗುವುದು. ಆಯುಧ ಪೂಜೆಯ ದಿನ ಎಲ್ಲರೂ ಕುಂಬಳಕಾಯಿ ಒಡೆದು, ಸಿಹಿ ಹಿಡಿದು ಮನೆಗೆ ಹೊರಟಾಗ, ಪ್ಯಾನೆಲ್ಲಿನ ಹೂವಿನ ಹಾರವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕೇಬಲ್ ಚುಚ್ಚುವವರು ನಾವು.