ಮಂಡ್ಯ–ಬೆಂಗಳೂರು ಓಡಾಟ: ಸುಸ್ತು ಕಡಿಮೆಯಾಗೋದು ಹೇಗೆ?

ಪ್ರಶ್ನೆ: ಕೆಲಸದ ಮೇಲೆ ವಾರಕ್ಕೆ ಮೂರ್ನಾಲ್ಕು ಸಲ ಬೆಂಗಳೂರಿಗೆ, ತಿಂಗಳಿಗೊಮ್ಮೆ ಚೆನ್ನೈಗೆ ಹೋಗಬೇಕು. ಟಿಕೆಟ್ ಸಾಲು, ಬ್ಯಾಗ್ ತುಂಬುವ ಗಡಿಬಿಡಿ, ಹೊರಗಿನ ಊಟ, ಎಲ್ಲಾ ಸೇರಿ ಸಾಕಾಗಿದೆ. ಏನು ಮಾಡಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮೊದಲು ರೈಲಿನ ಸೀಸನ್ ಪಾಸ್ ಮಾಡಿಸಿ ಮೇಡಂ. 150 ಕಿ.ಮೀ. ದೂರದವರೆಗೆ ಕೊಡುತ್ತಾರೆ, ಮಂಡ್ಯದಿಂದ ಬೆಂಗಳೂರು ಸುಮಾರು 90 ಕಿ.ಮೀ. ಅಷ್ಟೇ ಅಲ್ವಾ. ಮೂರು ತಿಂಗಳದ್ದು ಒಟ್ಟಿಗೆ ತೆಗೆದುಕೊಂಡರೆ ಸ್ವಲ್ಪ ಉಳಿತಾಯವೂ ಆಗುತ್ತದೆ. ಆದರೆ ಈ ಪಾಸ್ ಹಿಡಿದು ರಿಸರ್ವೇಶನ್ ಬೋಗಿ ಹತ್ತಬೇಡಿ, ದಂಡ ಬೀಳುತ್ತದೆ. ಮೈಸೂರಿಂದ ಬರುವ ಬೆಳಗಿನ ರೈಲುಗಳು ಮಂಡ್ಯಕ್ಕೆ ಬರುವಷ್ಟರಲ್ಲಿ ತುಂಬಿರುತ್ತವೆ, ಹಾಗಾಗಿ ದಾರಿಯಲ್ಲೇ ಲ್ಯಾಪ್‌ಟಾಪ್ ತೆಗೆದು ಕೆಲಸ ಮಾಡಲೇಬೇಕಾದ ದಿನ ಮಾತ್ರ ಸೀಟು ಬುಕ್ ಮಾಡಿ. ಇಳಿದ ಮೇಲೆ ಆಟೋದವರ ಜೊತೆ ಸುಮ್ನೆ ಚೌಕಾಸಿ ಯಾಕೆ? ಪಕ್ಕದಲ್ಲೇ ಮೆಟ್ರೊ ಇದೆ, ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೂ ಹೋಗುತ್ತದೆ.

ಚೆನ್ನೈಗೆ ಬೇರೆಯೇ ಬ್ಯಾಗ್ ಇಡಿ. ಅದರಲ್ಲಿ ಇನ್ನೊಂದು ಚಾರ್ಜರ್, ಬ್ರಷ್ಷು, ಸೋಪು, ಮಾತ್ರೆ ಯಾವಾಗಲೂ ಇರಲಿ, ಮನೆಗೆ ಬಂದರೂ ತೆಗೆಯಬೇಡಿ. ಬಟ್ಟೆ ಮಾತ್ರ ಬದಲಾಯಿಸಿ. ಊಟಕ್ಕೆ ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ. ನೀರು ಕುಡಿಯೋದು ಕಡಿಮೆ ಮಾಡಬೇಡಿ, ಶೌಚಾಲಯಕ್ಕೆ ಹೆದರಿ ಎಷ್ಟೋ ಹೆಣ್ಣುಮಕ್ಕಳು ಹಾಗೆ ಮಾಡುತ್ತಾರೆ, ಆರೋಗ್ಯ ಕೆಡುತ್ತದೆ. ವಾರದಲ್ಲಿ ಒಂದು ದಿನವಾದರೂ ಮನೆಯಿಂದ ಕೆಲಸ ಮಾಡಲು ಆಫೀಸಿನಲ್ಲಿ ಬಾಯಿಬಿಟ್ಟು ಕೇಳಿ.