ನಿಮ್ಮ ಲೇಖನ ಮೂರನೇ ಪುಟದಲ್ಲಿ ಶುರುವಾಗುತ್ತದೆ

ಸೇಡಂನ ಅಕ್ಕಾವರಿಗೆ ನಮಸ್ಕಾರ.

ನಿಮ್ಮ ಮಗನ ಬಗ್ಗೆ ನಮ್ಮ ಪತ್ರಿಕೆಗೆ ಬರೆದು ಕಳಿಸಿದ ಲೇಖನ ತಲುಪಿದೆ. ಹೆಸರು ಹಾಕದೆ ಅಂಕಣದಲ್ಲೇ ಉತ್ತರ ಕೊಡಿ, ಬೇರೆಯವರಿಗೂ ಉಪಯೋಗ ಆಗಲಿ ಅಂತ ನೀವೇ ಬರೆದಿದ್ದೀರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೇರ ಮಾತು. ಈಗ ಇರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಇದರೊಳಗೆ ನಾನು ಕನ್ನಡದಲ್ಲಿ ಓದಿರದ ಒಂದು ಬರಹ ಇದೆ. ಅದು ಕಾಣದ ಹಾಗೆ ನೀವು ಇನ್ನೊಂದನ್ನು ಅದರ ಮೇಲೆ ಹೊದಿಸಿದ್ದೀರಿ.

ಓದುಗರಿಗೆ ಸ್ವಲ್ಪ ಹಿನ್ನೆಲೆ. ಅಕ್ಕಾವರ ಮಗನಿಗೆ ಈಗ ಹನ್ನೊಂದು ವರ್ಷ. ಹುಟ್ಟಿದಾಗಲೇ ಡೌನ್ ಸಿಂಡ್ರೋಮ್ ಅಂತ ಗೊತ್ತಾಯಿತು. ಜನರ ಜೊತೆ ಬೆರೆಯುವುದು, ಮಾತು ಕಷ್ಟವಾಗುವ ಆಟಿಸಂ ಕೂಡ ಇದೆ ಅಂತ ಗೊತ್ತಾಗಿದ್ದು ಎಂಟನೇ ವಯಸ್ಸಿಗೆ. ಲೇಖನ ಎಂಟು ಪುಟ ಇದೆ. ಮೊದಲ ಎರಡು ಪುಟ ತಾಯಿತನದ ಮಹಿಮೆ, ಕೊನೆಯ ಎರಡು ಪುಟ ಸಮಾಜಕ್ಕೆ ಬುದ್ಧಿವಾದ. ಹುಡುಗ ಇರುವುದು ನಡುವಿನ ನಾಲ್ಕು ಪುಟದಲ್ಲಿ ಮಾತ್ರ.

ಆ ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಮಳಖೇಡದ ರಾಷ್ಟ್ರಕೂಟರಿಂದ ಶುರು ಮಾಡಿದ್ದೀರಿ. ನಿಮ್ಮ ತಾಲೂಕಿನ ಅಭಿಮಾನ ಅರ್ಥವಾಗುತ್ತದೆ, ಆದರೆ ರಾಷ್ಟ್ರಕೂಟರಿಗೂ ನಿಮ್ಮ ಮಗನಿಗೂ ಏನು ಸಂಬಂಧ ಹೇಳಿ? ಆಮೇಲೆ ತಾಯಿಯ ತ್ಯಾಗ, ತಾಯಿಯ ಕಣ್ಣೀರು. ಇವನ್ನು ಯಾರು ಬೇಕಾದರೂ, ಯಾವ ಮಗುವಿನ ಬಗ್ಗೆ ಬೇಕಾದರೂ ಬರೆಯಬಹುದು. ಹಾಗೆ ಬರೆದದ್ದು ನನಗೆ ಜಾಸ್ತಿನೇ ಬರುತ್ತದೆ.

ಈಗ ಮೂರನೇ ಪುಟ. ನಿಮ್ಮ ಮಾತಿನಲ್ಲೇ ಕೊಡುತ್ತೇನೆ: 'ಮಾರ್ಚ್ 21ಕ್ಕೆ ಕಲಬುರಗಿಯಲ್ಲಿ ಕಾರ್ಯಕ್ರಮ ಇತ್ತು. ಉಳಿದ ಮಕ್ಕಳು ವೇದಿಕೆ ಮೇಲೆ ಕುಣಿದರು, ಅತಿಥಿಗಳಿಗೆ ಕೈ ಕೊಟ್ಟರು. ನನ್ನ ಮಗ ಮೇಜಿನ ಕೆಳಗೆ ಕೂತು ಬಾಟಲಿ ಮುಚ್ಚಳ ತಿರುಗಿಸುತ್ತಿದ್ದ. ಪಕ್ಕದಲ್ಲಿ ಕೂತ ತಾಯಿ, ನಿಮ್ಮವ ಯಾಕ್ರೀ ಹಿಂಗ ಅಂದಳು. ಆಕೆಯ ಮಗಳಿಗೂ ಡೌನ್ ಸಿಂಡ್ರೋಮೇ.'

ಲೇಖನ ಇಲ್ಲಿ ಶುರುವಾಗಬೇಕು. ಆದರೆ ನೀವು ನಾಲ್ಕು ಸಾಲಿನಲ್ಲಿ ಇದನ್ನು ಮುಗಿಸಿ, ಮುಂದಿನ ಸಾಲಿನಲ್ಲಿ 'ಸಮಾಜ ಬದಲಾಗಬೇಕು' ಅಂತ ಹೊರಟುಬಿಟ್ಟಿರಿ. ಹೊರಡಬೇಡಿ, ಅಲ್ಲೇ ನಿಲ್ಲಿ. ಆ ದಿನ ಯಾಕೆ ಮಾರ್ಚ್ 21 ಅಂತಲೂ ಒಂದು ಸಾಲು ಸೇರಿಸಿ. ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್ (ವರ್ಣತಂತು) ಎರಡು ಇರಬೇಕಾದ ಕಡೆ ಮೂರು ಇರುತ್ತದೆ, ಅದಕ್ಕೆ ಮೂರನೇ ತಿಂಗಳ 21ನೇ ತಾರೀಕು. ವಿಶ್ವಸಂಸ್ಥೆ 2012ರಿಂದ ಇದನ್ನು ವಿಶ್ವ ಡೌನ್ ಸಿಂಡ್ರೋಮ್ ದಿನ ಅಂತ ಆಚರಿಸುತ್ತಿದೆ. ನಿಮ್ಮ ಮಗನದೇ ದಿನ ಅದು. ಅವತ್ತೇ ಅವನು ಅಲ್ಲಿ ಹೊರಗಿನವನಾದ.

ಮುಂದೆ ಆರನೇ ಪುಟದಲ್ಲಿ ಇದರ ಜೋಡಿ ಪ್ರಸಂಗ ಇದೆ. ಆಟಿಸಂ ಮಕ್ಕಳ ಪಾಲಕರ ಸಭೆಗೆ ಹೋದಾಗ ಒಬ್ಬರು ಹುಡುಗನ ಮುಖ ನೋಡಿ, 'ಇವ ಡೌನ್ ಅಲ್ಲೇನ್ರೀ, ಇಲ್ಲಿಗ್ಯಾಕ ಬಂದೀರಿ' ಅಂದರು ಅಂತ ಬರೆದಿದ್ದೀರಿ. ಇವೆರಡರ ನಡುವೆ ನೀವು ಮೂರು ಪುಟ ಬೇರೆ ಏನೇನೋ ಹೇಳಿದ್ದೀರಿ. ಒಂದರ ಹಿಂದೆ ಒಂದು ಇಡಿ. ಇಲ್ಲೂ ಸಲ್ಲದೆ ಅಲ್ಲೂ ಸಲ್ಲದೆ ನಿಂತ ತಾಯಿಯನ್ನು ಓದುಗರು ತಾವೇ ನೋಡುತ್ತಾರೆ. ನೀವು ಒಂಟಿತನ ಅಂತ ಬಾಯಿಬಿಟ್ಟು ಹೇಳುವುದು ಬೇಡ.

ಈ ಬರಹದ ಜೀವ ಎಲ್ಲಿದೆ ಅಂತ ನನಗೆ ಅನಿಸಿದ್ದನ್ನು ಹೇಳುತ್ತೇನೆ. ಐದನೇ ವರ್ಷಕ್ಕೆ ಅವನು ಅವ್ವಾ, ನೀರು, ಬಾ ಅನ್ನುತ್ತಿದ್ದ. ಆಮೇಲೆ ಒಂದೊಂದೇ ಮಾತು ನಿಂತವು. ಕರೆದರೆ ತಿರುಗಿ ನೋಡುವುದು ಬಿಟ್ಟ. ಫ್ಯಾನ್ ನೋಡುತ್ತಾ ಕೂತರೆ ಕೂತೇ ಇರುತ್ತಿದ್ದ. ನೀವು ಓಡಾಡಿದ ಕಡೆಯೆಲ್ಲ ಒಂದೇ ಉತ್ತರ: 'ಡೌನ್ ಮಕ್ಕಳು ಹಂಗೇ ಇರ್ತಾವ.' ಮೂರು ವರ್ಷ ಹೀಗೇ ಹೋಯಿತು. ಇದಕ್ಕೆ ನೀವು ಕೊಟ್ಟ ಜಾಗ ಒಂದೇ ಪ್ಯಾರಾ. ತಾಯಿತನದ ಮಹಿಮೆಗೆ ಎರಡು ಪುಟ!

ಮೊದಲ ಹೆಸರು ಡೌನ್, ಅದು ಮುಖದ ಮೇಲೇ ಕಾಣುತ್ತದೆ. ಎರಡನೆಯದು ಆಟಿಸಂ, ಅದು ಕಾಣುವುದಿಲ್ಲ. ಹಾಗಾಗಿ ಮಗು ಏನೇ ಮಾಡಿದರೂ ಜಮಾ ಆಗುವುದು ಮೊದಲ ಖಾತೆಗೇ. ಮಾತಾಡಲಿಲ್ಲ, ಡೌನ್. ಊಟ ಒಲ್ಲೆ ಅಂದ, ಡೌನ್. ತಲೆ ಗೋಡೆಗೆ ಬಡಿದುಕೊಂಡ, ಅದೂ ಡೌನ್. ಆದರೆ ಡೌನ್ ಸಿಂಡ್ರೋಮ್ ಇರುವ ಬಹಳಷ್ಟು ಮಕ್ಕಳು ಜನರ ಜೊತೆ ಬೇಗ ಬೆರೆಯುತ್ತಾರೆ, ಬೇರೆಯವರು ಮಾಡಿದ್ದನ್ನು ನೋಡಿ ಮಾಡುತ್ತಾರೆ. ಮಾತು ತಡವಾದರೂ ಕೈಸನ್ನೆಯಲ್ಲಿ ಹೇಳಲು ನೋಡುತ್ತಾರೆ. ಇದು ಯಾವುದೂ ಇಲ್ಲದಾಗ, ಅದಕ್ಕಿಂತ ಹೆಚ್ಚಾಗಿ ಇದ್ದದ್ದು ಹೋದಾಗ, ಎರಡನೇ ಪ್ರಶ್ನೆ ಕೇಳಬೇಕು: ಆಟಿಸಂ ಕೂಡ ಇದೆಯೇ? ಕಿವಿ ಸರಿಯಾಗಿ ಕೇಳುತ್ತದೆಯೇ, ಥೈರಾಯ್ಡ್ ಹೇಗಿದೆ, ರಾತ್ರಿ ಉಸಿರು ಕಟ್ಟಿ ನಿದ್ದೆ ಕೆಡುತ್ತಿದೆಯೇ ಅನ್ನುವುದನ್ನೂ ನೋಡಬೇಕು. ಡೌನ್ ಸಿಂಡ್ರೋಮ್‌ನಲ್ಲಿ ಈ ಮೂರೂ ತೊಂದರೆ ಸಾಮಾನ್ಯ. ಮಗು ಮಂಕಾಗಲು ಅವೂ ಕಾರಣ ಆಗಬಹುದು. ಆಡುತ್ತಿದ್ದ ಮಾತು ನಿಲ್ಲುವುದು ಬರೀ ಆಟಿಸಂ ಇರುವ ಮಕ್ಕಳಲ್ಲಿ ಎರಡು ವರ್ಷದ ಆಸುಪಾಸಿನಲ್ಲೇ ಕಾಣುವುದು ಹೆಚ್ಚು. ಎರಡೂ ಇರುವ ಮಕ್ಕಳಲ್ಲಿ ಅದು ತಡವಾಗಿ ಆಗುವುದುಂಟು. ನಿಮ್ಮ ಮಗನಿಗೆ ಆದದ್ದು ಅದೇ ಅಲ್ವಾ? ಎಷ್ಟು ಮಕ್ಕಳಿಗೆ ಹೀಗೆ ಎರಡೂ ಇರುತ್ತದೆ ಅನ್ನುವುದಕ್ಕೆ ಅಧ್ಯಯನಗಳು ಬೇರೆ ಬೇರೆ ಲೆಕ್ಕ ಕೊಡುತ್ತವೆ. ಅವನ್ನು ಒಟ್ಟಿಗೆ ಇಟ್ಟು ನೋಡಿದವರು ಶೇ. 16ರ ಆಸುಪಾಸು ಅನ್ನುತ್ತಾರೆ. ಅಂದರೆ ಡೌನ್ ಸಿಂಡ್ರೋಮ್ ಇರುವ ಆರು ಮಕ್ಕಳಲ್ಲಿ ಸುಮಾರು ಒಬ್ಬರು. ಯಾದಗಿರಿಯಲ್ಲೋ ಬೀದರಿನಲ್ಲೋ ಕೂತ ಒಬ್ಬ ತಾಯಿಗೆ ಇಷ್ಟು ಗೊತ್ತಾದರೆ ಅವಳ ಮೂರು ವರ್ಷ ಉಳಿಯುತ್ತದೆ. ಇದನ್ನು ಅಧ್ಯಯನದ ಭಾಷೆಯಲ್ಲಿ ಬರೆಯಲು ಹೋಗಬೇಡಿ. ಒಂದೊಂದೇ ಮಾತು ಹೇಗೆ ಹೋಯಿತು, ಕೊನೆಗೆ ಉಳಿದ ಮಾತು ಯಾವುದು, ಅದು ಹೋಗಿದ್ದು ನಿಮಗೆ ಯಾವಾಗ ಗೊತ್ತಾಯಿತು, ಅದನ್ನು ಬರೆಯಿರಿ.

ಇನ್ನು ನಿಮ್ಮ ಅತ್ತೆ. ಲೇಖನದಲ್ಲಿ ಅವರು ಖಳನಾಯಕಿ. ಗಾಣಗಾಪುರಕ್ಕೆ ಕರೆದುಕೊಂಡು ಹೋಗು ಅಂತ ಹಟ ಹಿಡಿದರು, ಅಮಾವಾಸ್ಯೆಯ ಆ ಗದ್ದಲದಲ್ಲಿ ಹುಡುಗ ಕಿವಿ ಮುಚ್ಚಿಕೊಂಡು ಕಿರುಚಿದ. ಅದು ನಿಜವೇ ಇರಬಹುದು. ಆದರೆ ಅದೇ ಅತ್ತೆ ಐದನೇ ಪುಟದಲ್ಲಿ ಏನು ಮಾಡುತ್ತಾರೆ ನೋಡಿ. ಅವನು ಅನ್ನ ಮುಟ್ಟುವುದಿಲ್ಲ, ಮೆತ್ತನೆ ರೊಟ್ಟಿಯೂ ಆಗುವುದಿಲ್ಲ. ಕಡಕ್ ರೊಟ್ಟಿ ಮಾತ್ರ ತಿನ್ನುತ್ತಾನೆ ಅಂತ ಮೊದಲು ಕಂಡುಹಿಡಿದವರು ಅವರೇ. ದಿನಾ ಅದೇ ಹೊತ್ತಿಗೆ, ಅದೇ ಸ್ಟೀಲ್ ತಟ್ಟೆಯಲ್ಲಿ, ಒಂದೇ ಅಳತೆಯ ಚೂರು ಮುರಿದು ಕೊಡುತ್ತಾರೆ. ಅವನು ಅವರ ಕೈ ಹಿಡಿದು ಎಳೆದು ನೀರಿನ ಕೊಡದ ಮೇಲೆ ಇಟ್ಟಾಗ, ನೀರು ಬೇಕು ಅಂತ ಅರ್ಥ ಮಾಡಿಕೊಂಡವರೂ ಅವರೇ. ಬೇರೆಯವರ ಕೈಯನ್ನೇ ಹಿಡಿದೊಯ್ದು ಬೇಕಾದ್ದನ್ನು ತೋರಿಸುವುದು ಆಟಿಸಂ ಇರುವ ಮಕ್ಕಳು ಬಹಳ ಮಾಡುತ್ತಾರೆ. ಊಟದ ಹೊತ್ತು ಬದಲಾಗಬಾರದು, ತಟ್ಟೆ ಬದಲಾಗಬಾರದು ಅನ್ನುವುದನ್ನೇ ಥೆರಪಿಯವರೂ ನಿಮಗೆ ಆಮೇಲೆ ಹೇಳಿಕೊಟ್ಟರು. ಅತ್ತೆ ಅದನ್ನು ಯಾರೂ ಹೇಳದೆ ಮಾಡುತ್ತಿದ್ದರು. ನಿಮ್ಮ ಲೇಖನದ ಅತ್ಯಂತ ಒಳ್ಳೆ ಪಾತ್ರ ಅವರು. ಗಾಣಗಾಪುರವೂ ಇರಲಿ, ರೊಟ್ಟಿಯೂ ಇರಲಿ. ಎರಡನ್ನೂ ಮಾಡಿದವರು ಒಬ್ಬರೇ ಅಂತ ಓದುಗರಿಗೆ ಗೊತ್ತಾಗಲಿ.

ಈಗ ನಾನು ಯಾವ ಕಾರಣಕ್ಕೂ ಹಾಕದ ಎರಡು ಸಾಲು.

ಒಂದು, 'ಐದನೇ ವರ್ಷದ ಬೂಸ್ಟರ್ ಇಂಜೆಕ್ಷನ್ ಆದ ಮೇಲೆ ಮಾತು ಹೋಯಿತು, ಅದರಿಂದಲೇ ಆಟಿಸಂ ಬಂತು.' ಎರಡೂ ಒಂದೇ ಕಾಲಕ್ಕೆ ಆಗಿರಬಹುದು. ನಿಮಗೆ ಹಾಗೆ ಅನಿಸಿದ್ದೂ ಸಹಜ. ಆದರೆ ಒಂದರಿಂದ ಇನ್ನೊಂದು ಆಗಿಲ್ಲ. ದಡಾರದ (ಎಂಎಂಆರ್) ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ಬ್ರಿಟನ್‌ನ ವೈದ್ಯ ವೇಕ್‌ಫೀಲ್ಡ್ ಅವರ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತು. ಅದೇ ವರ್ಷ ಬ್ರಿಟನ್‌ನಲ್ಲಿ ಅವರ ವೈದ್ಯ ನೋಂದಣಿಯೂ ರದ್ದಾಯಿತು. ಆಮೇಲೆ ಲಕ್ಷಾಂತರ ಮಕ್ಕಳನ್ನು ನೋಡಿ ಮಾಡಿದ ಅಧ್ಯಯನಗಳಲ್ಲೂ ಅಂಥ ಸಂಬಂಧ ಸಿಗಲಿಲ್ಲ. ನಿಮ್ಮ ಆ ಒಂದು ಸಾಲು ಓದಿ ಯಾರಾದರೂ ಮಗುವಿಗೆ ದಡಾರದ ಲಸಿಕೆ ಹಾಕಿಸದೆ ಬಿಟ್ಟರೆ? ನಿಮಗೆ ಆಗ ಹಾಗೆ ಅನಿಸಿತ್ತು, ಆಮೇಲೆ ತಿಳಿದುಕೊಂಡೆ ಅಂತ ಬರೆದರೆ ಹಾಕುತ್ತೇನೆ.

ಎರಡು, 'ಸೋದರಮಾವನನ್ನು ಮದುವೆಯಾಗಿದ್ದಕ್ಕೆ ಹೀಗಾಯಿತು.' ಸಂಬಂಧದಲ್ಲಿ ಮದುವೆಯಾದರೆ ಕೆಲವು ಕಾಯಿಲೆಗಳ ಅಪಾಯ ಜಾಸ್ತಿ, ಅದು ಹೌದು. ಆದರೆ 21ನೇ ಕ್ರೋಮೋಸೋಮ್ ಮೂರಾಗುವ ಬಗೆ ಬೇರೆ. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಬೇರೆಯಾಗಬೇಕಾದ ಜೋಡಿ ಬೇರೆಯಾಗದೆ ಒಂದೇ ಕಡೆ ಉಳಿಯುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಸುಮಾರು ಶೇ. 95 ಮಂದಿಗೆ ಹೀಗೇ ಆಗಿರುವುದು. ತಾಯಿಗೆ ವಯಸ್ಸಾದಂತೆ ಇದರ ಸಂಭವ ಹೆಚ್ಚುತ್ತದೆ, ನಿಜ. ಆದರೆ ಚಿಕ್ಕ ವಯಸ್ಸಿನಲ್ಲೇ ಹೆರಿಗೆ ಜಾಸ್ತಿ ಆಗುವುದರಿಂದ ಚಿಕ್ಕ ವಯಸ್ಸಿನ ತಾಯಂದಿರಿಗೂ ಇಂಥ ಮಕ್ಕಳು ಬಹಳ ಹುಟ್ಟುತ್ತಾರೆ. ನಿಮಗೆ ಆಗ ಇಪ್ಪತ್ನಾಲ್ಕು. ನಮ್ಮ ಕಡೆ ಈ ಮದುವೆಯ ಮಾತು ಬಂದರೆ ಕೊನೆಗೆ ತಪ್ಪು ಹೊರುವವಳು ಸೊಸೆಯೇ. ನೀವು ಅದನ್ನು ನಿಮ್ಮ ಕೈಯಾರೆ ಬರೆದುಕೊಟ್ಟಿದ್ದೀರಿ ಅನ್ನುವುದೇ ನನಗೆ ಬೇಜಾರು. ವರ್ಣತಂತುಗಳ ರಕ್ತ ಪರೀಕ್ಷೆಯ ವರದಿ ಮನೆಯಲ್ಲಿ ಇರುತ್ತದಲ್ಲ, ತೆಗೆದು ನೋಡಿ.

'ಏನೂ ಆಗಿಲ್ಲ, ಹಟ ಮಾಡ್ತಾನ' ಅಂತ ಕಳಿಸಿದ ಆಸ್ಪತ್ರೆಯ ಹೆಸರು, ವೈದ್ಯರ ಹೆಸರು ಎರಡೂ ಹಾಕಿದ್ದೀರಿ. ತೆಗೆದಿದ್ದೇನೆ. ಅವರ ಮಾತನ್ನೂ ಕೇಳದೆ ಹೆಸರು ಹಾಕುವುದಿಲ್ಲ. ಹೆಸರಿಲ್ಲದೆಯೂ ಆ ಪ್ರಸಂಗ ಗಟ್ಟಿಯಾಗಿ ನಿಲ್ಲುತ್ತದೆ.

ಒಂದು ವಿಷಯ ಮಾತ್ರ ನಿಮಗೆ ಸಿಟ್ಟು ತರಬಹುದು. ಶರಣಬಸವೇಶ್ವರ ಜಾತ್ರೆಯಲ್ಲಿ ಹುಡುಗ ಬಟ್ಟೆಯಲ್ಲೇ ಮಾಡಿಕೊಂಡದ್ದನ್ನು ಅರ್ಧ ಪುಟ ಬರೆದಿದ್ದೀರಿ. ಓದುಗರಿಗೆ ನಿಮ್ಮ ಕಷ್ಟ ಗೊತ್ತಾಗಲಿ ಅಂತ ತಾನೇ? ಅವನ ಅಕ್ಕನಿಗೆ ಹದಿನಾಲ್ಕು. ಅವಳ ಬಗ್ಗೆ ಇಂಥದ್ದನ್ನು ಬರೆಯುತ್ತಿದ್ದಿರಾ? ಬರೆಯುತ್ತಿರಲಿಲ್ಲ. ಅವನು ಓದುವುದಿಲ್ಲ, ನಿಜ. ಆದರೆ ನಿಮ್ಮ ಓಣಿಯವರು ಓದುತ್ತಾರೆ, ನಾಳೆ ಅವನನ್ನು ಅದೇ ಕಣ್ಣಿನಿಂದ ನೋಡುತ್ತಾರೆ. ಬೇಡ ಅನ್ನಲು ಅವನಿಗೆ ಬಾಯಿ ಇಲ್ಲ. ಹಾಗಾಗಿ ಅವನ ಪರವಾಗಿ ನಾವಿಬ್ಬರೂ ಬೇಡ ಅನ್ನೋಣ. ಜಾತ್ರೆಯಿಂದ ಅರ್ಧಕ್ಕೇ ವಾಪಸ್ ಬರಬೇಕಾಯಿತು ಅಂದರೆ ಸಾಕು. ಅವನ ಫೋಟೋ ಕೂಡ ಬೇಡ. ಮಗಳ ಬಗ್ಗೆ 'ಅವಳೇ ಎರಡನೇ ತಾಯಿ' ಅಂದಿದ್ದೀರಿ. ಅವಳನ್ನೇ ಕೇಳಿ ನೋಡಿ, ಅವಳು ಏನಂತಾಳೆ. ಅವಳು ಹೇಳಿದ್ದನ್ನು ಬರೆಯಿರಿ, ಅವಳು ಒಪ್ಪಿದರೆ.

ಕೊನೆಯ ಎರಡು ಪುಟದಲ್ಲಿ 'ಸರ್ಕಾರ ಏನೂ ಮಾಡುವುದಿಲ್ಲ' ಅಂತ ಇದೆ. ಇದು ಬೈಗುಳ, ಮಾಹಿತಿ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಬೌದ್ಧಿಕ ಅಂಗವೈಕಲ್ಯ ಇದೆ, ಆಟಿಸಂ ಇದೆ, ಒಬ್ಬರಿಗೇ ಒಂದಕ್ಕಿಂತ ಹೆಚ್ಚು ಇದ್ದರೆ ಬಹು ಅಂಗವೈಕಲ್ಯ ಅಂತಲೂ ಇದೆ. ನಿಮ್ಮ ಮಗನ ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಗುರುತಿನ ಚೀಟಿ) ಆಟಿಸಂ ಗೊತ್ತಾಗುವ ಮೊದಲೇ ಆಗಿದ್ದು ಅಂತ ಬರೆದಿದ್ದೀರಿ. ಆಮೇಲೆ ಅದನ್ನು ಬದಲಾಯಿಸಿದಿರಾ? ಬದಲಾಯಿಸಿದ್ದರೆ ಎಷ್ಟು ಓಡಾಟ ಆಯಿತು, ಯಾರು ಏನು ಕೇಳಿದರು? ಅದನ್ನು ಬರೆಯಿರಿ. ಇಂಥವರಿಗಾಗಿಯೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚಿಗೂ ಬರುತ್ತದೆ. ಅದಕ್ಕೆ ಅರ್ಜಿ ಹಾಕಿದ್ದೀರಾ? 'ನಮ್ಮ ನಂತರ ಯಾರು' ಅಂತ ಮೂರು ಕಡೆ ಕೇಳಿದ್ದೀರಿ. ಒಂದು ಕಡೆ ಸಾಕು. ಅದರ ಪಕ್ಕದಲ್ಲೇ ಇದನ್ನೂ ಇಡಿ: ಇಂಥ ಮಕ್ಕಳಿಗೆ ಹದಿನೆಂಟು ತುಂಬಿದ ಮೇಲೆ ಹೆತ್ತವರೂ ಕಾನೂನಿನ ಪ್ರಕಾರ ಪೋಷಕರಾಗಿ ನೇಮಕ ಆಗಬೇಕು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಅದನ್ನು ಮಾಡುವುದು ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ. ನಿಮಗೆ ಇನ್ನು ಏಳು ವರ್ಷ ಇದೆ.

ಸಿಕಂದರಾಬಾದ್ ಪ್ರಯಾಣ ಮಾತ್ರ ನನಗೆ ಇನ್ನೂ ಬೇಕು. ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ ಅಲ್ಲಿರುವ ರಾಷ್ಟ್ರೀಯ ಸಂಸ್ಥೆ ಎನ್‌ಐಇಪಿಐಡಿಗೆ ಹೋಗಿ ಬಂದೆ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಸೇಡಂನಿಂದ ರೈಲು ಹತ್ತಿ ತಾಂಡೂರು, ವಿಕಾರಾಬಾದ್ ದಾಟುವವರೆಗೂ ಅವನನ್ನು ಹೇಗೆ ಕೂರಿಸಿದಿರಿ? ಡಬ್ಬಿಯ ಫ್ಯಾನ್ ನೋಡುತ್ತಾ ಕೂತನಾ? ಜೊತೆಗೆ ಕೂತವರು ಏನಂದರು? ನಮ್ಮ ಭಾಗದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ಗಿಂತ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಿಂತ ಅದು ಎಷ್ಟೋ ಹತ್ತಿರ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಲ್ಲಿ ನಿಮ್ಮನ್ನು ಯಾವ ಭಾಷೆಯಲ್ಲಿ ಮಾತಾಡಿಸಿದರು ಅಂತಲೂ ಬರೆಯಿರಿ.

ಮತ್ತೆ, ಮಾತಿಲ್ಲದೆ ಬೇಕಾದ್ದನ್ನು ತೋರಿಸಿ ಕೇಳಲು ಅವನಿಗೆ ಕೊಟ್ಟ ಆ ಚಿತ್ರದ ಕಾರ್ಡುಗಳು. ಅಂಗಡಿಯಿಂದ ತಂದ ಕಾರ್ಡಿನಲ್ಲಿ ಪಿಜ್ಜಾ, ಬ್ರೆಡ್ ಇತ್ತು, ಅವನು ಮುಟ್ಟಲಿಲ್ಲ. ನೀವೇ ರೊಟ್ಟಿ, ಕೊಡ, ಕೆಕೆಆರ್‌ಟಿಸಿ ಬಸ್ಸಿನ ಚಿತ್ರ ಬರೆದು ಅಂಟಿಸಿದಿರಿ. ಅವನು ಮೊದಲು ತೆಗೆದುಕೊಟ್ಟ ಕಾರ್ಡ್ ಯಾವುದು ಅಂತ ಹೇಳಲೇ ಇಲ್ಲವಲ್ಲ!

ಎಂಟು ಪುಟ ಬೇಡ, ಐದು ಸಾಕು. ಕೈಬರಹದಲ್ಲಿ ಕಳಿಸಿದರೂ ಪರವಾಗಿಲ್ಲ, ನಾವು ಟೈಪ್ ಮಾಡಿಸಿಕೊಳ್ಳುತ್ತೇವೆ. ಅವಸರ ಇಲ್ಲ, ಶಾಲೆಯ ರಜೆ ಮುಗಿಯುವುದರೊಳಗೆ ಬಂದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಕಾರ್ಡುಗಳ ಫೋಟೋ ಇದ್ದರೆ ಜೊತೆಗೆ ಕಳಿಸಿ. ಅದನ್ನು ಖಂಡಿತ ಹಾಕುತ್ತೇವೆ.